ಪಾಪದವರ ಹಪ್ಪಳ

“ಜೋರಾಗಿ ಕೂಗಮ್ಮ. ‘ಬರ್ಮಾದಿಂದ ಓಡಿಬಂದ ಪಾಪದವರ ಹಪ್ಪಳ’ ಅಂದ್ರೇನೇ ಜನ ನಿಲ್ಲೋದು.”

ನಿರಾಶ್ರಿತ ಹೆಂಗಸರಿಗೆ ವ್ಯಾಪಾರ ಕಲಿಸಲು ಬೆಂಗಳೂರಿನಿಂದ ಬಂದಿದ್ದ ಅಲಮೇಲಮ್ಮನವರು ಸೂಲಿಬೆಲೆ ಸಂತೆಯಲ್ಲಿ ಕೊಡೆಯ ನೆರಳು ಬಿಟ್ಟು ಕದಲದೆ ಹೇಳಿಕೊಟ್ಟರು. ತಿರಿದು ತಿನ್ನಬಾರದೆಂದೇ ಹಪ್ಪಳ ಒತ್ತಿ ತಂದಿದ್ದ ಮುನಿಯಮ್ಮ ತಲೆ ತಗ್ಗಿಸಿ ಹಾಗೆಯೇ ಕೂಗಿದಳು. ರೈತ ದೊಡ್ಡಬೀರಪ್ಪ ನಿಂತು ಒಂದು ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ದುಡ್ಡಿಗಾಗಿ ಜೇಬು ತಡಕಿದ.

“ಪಾಪ, ಇರ್ಲಿ. ನಮ್ಮನೇಲಿ ಯಾರೂ ತಿನ್ನಲ್ಲ, ಎಮ್ಮೆಗಾದ್ರೂ ಹಾಕ್ತೀನಿ.”

“ನೋಡ್ದ್ಯಾ, ಹೆಂಗೆ ಹೋಯ್ತು?” ಅಲಮೇಲಮ್ಮ ಹಿಗ್ಗಿದರು.

ಮುನಿಯಮ್ಮ ಅವನ ಚೀಲಕ್ಕೆ ಕೈಹಾಕಿ ಕಟ್ಟನ್ನು ಈಚೆಗೆ ತೆಗೆದಳು. “ಎಮ್ಮೆಗೆ ಹಿಂಡಿ ಆ ಕಡೆ ಮಾರ್ತಾರೆ ಕಣಪ್ಪ.”

“ಹಿಂಗಾಡಿದ್ರೆ ನಿನ್ನ ಹಪ್ಪಳ ಯಾರು ಕೊಳ್ತಾರೆ?” ಅಲಮೇಲಮ್ಮ ಗದರಿದರು.

“ನಾಲಿಗೆ ಇರೋರು, ಅಮ್ಮಾವ್ರೇ.”

ಅವಳು ಬುಟ್ಟಿ ಹೊತ್ತು ಮೆಣಸಿನಕಾಯಿ ಮಾರುವವರ ಸಾಲಿಗೆ ಹೋಗಿ ಕುಳಿತು, “ಖಾರದ ಹಪ್ಪಳಾ” ಎಂದು ಕೂಗತೊಡಗಿದಳು.