ಅಂಗೈಯಲ್ಲಿ ಓದಿದ ಕಾರ್ಡು

ಅರಿಶಿನದ ಚೀಲ ಬಿಚ್ಚಿದಾಗ ಬರುವ ಘಾಟು ಇವತ್ತಿಗೂ ನನ್ನನ್ನು ಸಾಂಗ್ಲಿ ಪೇಟೆಯಲ್ಲಿದ್ದ ಅಜ್ಜನ ಅಂಗಡಿಗೆ ಕರೆದೊಯ್ಯುತ್ತದೆ.

ನನಗೆ ಏಳು ತುಂಬಿದ ವರ್ಷ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿ, ಅಜ್ಜ ಮಿರಜದ ದವಾಖಾನೆಯಲ್ಲಿ ಹದಿನೈದು ದಿನ ಮಲಗಿ ಬಂದಿದ್ದರು. ಬಂದ ಮೇಲೂ ಗಿರಾಕಿಯ ಮುಖ ಕಂಡೊಡನೆ ಹೆಸರು, ಊರು ಎರಡೂ ಹೇಳುತ್ತಿದ್ದರು. ಬರೆಯುವುದಕ್ಕೂ ಅಡ್ಡಿಯಿರಲಿಲ್ಲ. ಆದರೆ ತಾವೇ ಬರೆದದ್ದನ್ನು ಓದಲು ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯಲ್ಲೇ, ಸಲಗರೆಯಲ್ಲಿದ್ದ ತಮ್ಮ ತಂಗಿಗೆ ಕನ್ನಡದಲ್ಲಿ ಕಾರ್ಡು ಬರೆದು, ಅದನ್ನೇ ದಿಟ್ಟಿಸುತ್ತ ಕೂತರು.

"ಕಣ್ಣಿಗೆ ಕಾಣಸ್ತೈತಿ ಕೂಸ, ಅಕ್ಷರದ ಗುರ್ತ ಹತ್ತವಲ್ದು. ಏನ ಬರದೇನೋ ಏನೋ," ಎಂದರು.

ನಾನು ಮರಾಠಿ ಶಾಲೆಯಲ್ಲಿ ಎರಡನೇ ಇಯತ್ತೆ ಓದುತ್ತಿದ್ದೆ. ಕನ್ನಡದ ಒಂದು ಅಕ್ಷರವೂ ಬರುತ್ತಿರಲಿಲ್ಲ.

"ಅಜ್ಜಾ, ಕೈ ಕೊಡ್ರಿ. ನಾವು ಸಾಲಿಯೊಳಗ ಹಿಂಗ ಆಡ್ತೇವಿ," ಎಂದೆ.

ಅವರ ಕಣ್ಣು ಮುಚ್ಚಿಸಿ, ಕಾರ್ಡಿನಲ್ಲಿದ್ದ ಆಕಾರಗಳನ್ನು ಒಂದೊಂದಾಗಿ ಅರಿಶಿನ ಮೆತ್ತಿದ ಆ ಒರಟು ಅಂಗೈ ಮೇಲೆ ಬೆರಳಿನಿಂದ ಬರೆದೆ. ಸೊಟ್ಟಗಾದರೆ "ಮತ್ತೊಮ್ಮೆ ತಗಿ" ಎನ್ನುತ್ತಿದ್ದರು. ಗುರುತು ಹತ್ತಿದ ಕೂಡಲೇ ಅಕ್ಷರ ಬಾಯಿಗೆ ಬರುತ್ತಿತ್ತು. ಕೂಡಿಸುತ್ತ ಕೂಡಿಸುತ್ತ ಸಾಲು ಮುಗಿಯಿತು: "ಚಿಂತಿ ಮಾಡಬ್ಯಾಡ. ಎಲ್ಲಾರ ಮಾರಿ ಗುರ್ತ ಹತ್ತತೈತಿ."

"ಬರೋಬರಿ ಬರದೇನಿ," ಎಂದು ಅಜ್ಜ ಉಸಿರು ಬಿಟ್ಟರು. ಪೆನ್ನು ಎತ್ತಿ ಕೆಳಗೆ ಇನ್ನೊಂದು ಸಾಲು ಬರೆದು ಮತ್ತೆ ಕೈ ಚಾಚಿದರು. ಅದನ್ನೂ ಅಂಗೈ ಮೇಲೆ ಬರೆದೆ. ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ಅವರು ಗಟ್ಟಿಯಾಗಿ ಓದಿದರು:

"ಈ ಕಾರ್ಡ ನನಗ ಓದಿ ಹೇಳಿದಾಕಿ ನನ್ನ ಮೊಮ್ಮಗಳು."