ಗೋಡೆಗೆ ಬಾರದ ಚಕ್ರ

ಮಗನನ್ನು ಕೊಂದವನ ಮನೆಗೆ ಹೆಂಡತಿ ಸೂಪಿನ ಪಾತ್ರೆ ಹೊತ್ತು ಹೋಗುವುದನ್ನು ಓಡೀಲ್ ಕಿಟಕಿಯಿಂದ ಕಣ್ಣಾರೆ ಕಂಡ. ಇದು ಮೊದಲ ಸಲವೂ ಅಲ್ಲ.

"ಎಲ್ಲಿಗೆ ಹೋಗಿದ್ದೆ?"

"ನಿನ್ನ ಹಳೇ ಗೆಳೆಯ ವಾರ್ಡ್‌ಗೆ ಜ್ವರ. ಒಂಟಿ ಮನುಷ್ಯ, ಯಾರು ನೋಡ್ಕೋತಾರೆ?" ಲೀಸ್ಬೆತ್ ಮುಚ್ಚಿಡಲೂ ಇಲ್ಲ.

"ಸಾಯ್ಲಿ ಬಿಡು! ನನ್ನ ಮಗನ್ನ ನುಂಗಿದೋನಿಗೆ ನಿನ್ನ ಕೈಯ ಸೂಪು ಬೇರೆ ಕೇಡು."

"ಅವನು ತಿಂದಿರೋ ಬೈಗುಳ ಸಾಕು, ಓಡೀಲ್."

ಫ್ಲಾಂಡರ್ಸಿನ ಆ ಊರಲ್ಲಿ ಭಾನುವಾರ ಬೆಳಗಾದರೆ ಗಂಡಸರೆಲ್ಲ ಸೈಕಲ್ ಮೇಲೆ. ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡೇ ಸವಾರಿ. ಹಿಂದಿನವನಿಗೆ ಮುಂದಿನವನ ಚಕ್ರ ಬಿಟ್ಟರೆ ರಸ್ತೆಯೇ ಕಾಣದು. ಅದಕ್ಕೇ ಗುಂಡಿ ಕಂಡವನು ಎಡಗೈ ಇಳಿಸಿ ನೆಲ ತೋರಿಸಬೇಕು, "ಗುಂಡಿ!" ಎಂದು ಕೂಗಬೇಕು. ಆ ಕೂಗು ಸಾಲಿನ ಕೊನೆಯವರೆಗೆ ಬಾಯಿಂದ ಬಾಯಿಗೆ ಹೋಗಬೇಕು. ಹೋದ ವರ್ಷ ಗುಡ್ಡದ ಕಲ್ಲುಹಾಸಿನ ಇಳಿಜಾರಲ್ಲಿ ಯಾರೋ ಒಬ್ಬ ಗುಂಡಿಯನ್ನು ತಪ್ಪಿಸಿಕೊಂಡ, ಕೂಗನ್ನು ಮಾತ್ರ ಬಾಯಲ್ಲೇ ಇಟ್ಟುಕೊಂಡ. ಅವನ ಹಿಂದಿದ್ದವನು ಯೋರಿಸ್, ಓಡೀಲನ ಒಬ್ಬನೇ ಮಗ.

ಓಡೀಲನೂ ಬಿದ್ದಿದ್ದ. ಕೊರಳೆಲುಬು ಎರಡು ತುಂಡು, ತಲೆಗೆ ಪೆಟ್ಟು. ಅಂದು ಬೆಳಿಗ್ಗೆ ಕುಡಿದ ಕಾಫಿಯಿಂದಾಚೆಗೆ ಒಂದೂ ನೆನಪಿಲ್ಲ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟು ಮೊದಲು ಕೇಳಿದ್ದು ಒಂದೇ ಮಾತು.

"ಯೋರಿಸ್ ಮುಂದೆ ಯಾರಿದ್ರು?"

ಮಂಚದ ಸುತ್ತ ನಿಂತಿದ್ದ ಸೈಕಲ್ ಕ್ಲಬ್ಬಿನವರೆಲ್ಲ ನೆಲ ನೋಡಿದರು. ಆಮೇಲೆ, ಶಾಲೆಯ ಕಾಲದಿಂದಲೂ ಜೊತೆಗಾರನಾಗಿದ್ದ ವಾರ್ಡ್ ಟೋಪಿ ತೆಗೆದ.

"ನಾನಿದ್ದೆ ಕಣೋ. ಗುಂಡಿ ನೋಡ್ದೆ, ಕೂಗ್ಲಿಲ್ಲ. ನೀನು ಅವನ ಹಿಂದಿದ್ದೆ. ಅವನಿಗೇ ಗುದ್ದಿ ಬಿದ್ದೆ."

ಅಂದಿನಿಂದ ಓಡೀಲ್ ಅವನ ಮುಖಕ್ಕೆ ಉಗಿಯುವುದೊಂದನ್ನು ಬಿಟ್ಟು ಎಲ್ಲ ಮಾಡಿದ. ಬೀದಿಯಲ್ಲಿ ಕಂಡರೆ 'ಕೊಲೆಗಾರ' ಎಂದ. ಪಾಪ, ವಾರ್ಡ್ ಟೋಪಿ ತೆಗೆದು ದಾರಿ ಬಿಟ್ಟುಕೊಡುತ್ತಿದ್ದ.

ಆದರೂ ಓಡೀಲನಿಗೆ ನೆಮ್ಮದಿಯಿಲ್ಲ. ಬೆಳಗಿನ ಜಾವ ಬೆನ್ನ ಹಿಂದಿನಿಂದ ಮಗನ ದನಿ ಕೇಳುತ್ತದೆ, "ಅಪ್ಪಾ!" ತಿರುಗಿದರೆ ಯಾರೂ ಇಲ್ಲ. ಎಚ್ಚರವಾದಾಗ ಎಡಗೈ ಮಂಚದಿಂದ ಜೋತುಬಿದ್ದಿರುತ್ತದೆ, ಬೆರಳು ನೆಲ ತೋರಿಸುತ್ತಿರುತ್ತದೆ. ಲೀಸ್ಬೆತ್ ಆ ಕೈಯನ್ನು ಮೆಲ್ಲಗೆ ಎತ್ತಿ ಹೊದಿಕೆಯೊಳಗೆ ಇಡುತ್ತಾಳೆ.

ವರ್ಷ ತುಂಬಿದ ಭಾನುವಾರ ಅವನು ಹಿಲ್ಡಾಳ ಬಿಯರ್ ಅಂಗಡಿಗೆ ಹೋದ. ಬಿದ್ದವರೆಲ್ಲ ತಮ್ಮ ಸೊಟ್ಟ ಚಕ್ರವನ್ನು ಅಲ್ಲಿಯ ಗೋಡೆಗೆ ತೂಗುಹಾಕುವುದು ರೂಢಿ. ಒಂದು ದನಕ್ಕೆ ಗುದ್ದಿದ್ದು, ಇನ್ನೊಂದು ಪಾದ್ರಿಯ ಕಾರಿಗೆ. ಮುಂದಿನ ಚಕ್ರ ತಂದವನು ಗುದ್ದಿದವನು, ಎಲ್ಲರಿಗೂ ಅವನೇ ಕುಡಿಸಬೇಕು. ಹಿಂದಿನ ಚಕ್ರ ತಂದವನು ಗುದ್ದಿಸಿಕೊಂಡವನು, ಪುಕ್ಕಟೆ ಕುಡಿದು ಹೋಗಬಹುದು. ಯೋರಿಸ್ ಸತ್ತ ದಿನದ ಚಕ್ರವೊಂದು ಮಾತ್ರ ಇನ್ನೂ ಗೋಡೆಗೆ ಬಂದಿರಲಿಲ್ಲ.

"ನನ್ನ ಮುಂದಿನ ಚಕ್ರ ತರ್ತೀನಿ," ಎಂದ ಓಡೀಲ್. "ಮಗನ ಹೆಸರಲ್ಲಿ ಎಲ್ಲರಿಗೂ ಕುಡಿಸ್ತೀನಿ. ಆ ಕೊಲೆಗಾರ ಇಲ್ಲಿ ಕೂತು ದಿನಾ ಅದನ್ನ ನೋಡ್ಬೇಕು."

ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು.

"ಜಾಗ ಇಲ್ಲ ಕಣೋ ಗೋಡೇಲಿ," ಎಂದಳು ಹಿಲ್ಡಾ. ಅವಳ ಬೆನ್ನ ಹಿಂದೆ ಇಡೀ ಸೈಕಲ್ಲೇ ಹಿಡಿಸುವಷ್ಟು ಜಾಗವಿತ್ತು.

ಮೂಲೆಯಲ್ಲಿ ವಾರ್ಡ್ ಕೆಮ್ಮುತ್ತ ಎದ್ದ. "ನನ್ನ ಚಕ್ರ ತೂಗುಹಾಕು ಮಾರಾಯ. ದಿನಾ ಉಗೀ ಬೇಕಾದ್ರೆ. ನಿನ್ನದು ಬೇಡ." ಅವನ ಕಣ್ಣು ತುಂಬಿತ್ತು.

"ಮಗನ್ನ ಕಳ್ಕೊಂಡೋನು ನಾನು, ಅಳೋನು ನೀನಾ?" ಓಡೀಲ್ ಬಾಗಿಲು ಬಡಿದು ಹೊರಟ.

ಹಿತ್ತಿಲ ಕೊಟ್ಟಿಗೆಯ ಬೀಗದ ಕೈಯನ್ನು ಲೀಸ್ಬೆತ್ ವರ್ಷದಿಂದಲೂ ತನ್ನ ಬಳಿಯೇ ಇಟ್ಟುಕೊಂಡಿದ್ದಳು. ಈಗ ಬಾಗಿಲಿಗೇ ಅಡ್ಡ ನಿಂತಳು.

"ದಮ್ಮಯ್ಯ, ತೆಗೀಬೇಡ. ಯೋರಿಸ್ ಅಂತೂ ಹೋದ. ನೀನಾದ್ರೂ ನಂಗೆ ಉಳೀಬೇಕು."

ಅವಳನ್ನು ಪಕ್ಕಕ್ಕೆ ಸರಿಸಿ, ಸುತ್ತಿಗೆಯಿಂದ ಬೀಗ ಒಡೆದ. ಸೈಕಲ್ಲುಗಳ ಮೇಲಿನ ಮುಸುಕು ಎಳೆದ. ಯೋರಿಸನ ಸೈಕಲ್ಲು ಮೂತಿ ಮುರಿದುಕೊಂಡು ಬಿದ್ದಿತ್ತು. ಹುಟ್ಟುಹಬ್ಬಕ್ಕೆಂದು ಅಪ್ಪನೇ ಕೈಯಾರೆ ಬಳಿದ ಹಳದಿ ಬಣ್ಣ ಮುಂಭಾಗದಲ್ಲಿ ಕೆತ್ತಿಹೋಗಿತ್ತು. ಪಕ್ಕದಲ್ಲೇ ತನ್ನದು. ಬಗ್ಗಿ ಮುಂದಿನ ಚಕ್ರಕ್ಕೆ ಕೈ ಹಾಕಿದ. ಅದು ಒಂದಿಷ್ಟೂ ಓಲಾಡದೆ, ಸೊಗಸಾಗಿ, ಸದ್ದಿಲ್ಲದೆ ತಿರುಗಿತು.

ನಜ್ಜುಗುಜ್ಜಾಗಿದ್ದುದು ಹಿಂದಿನ ಚಕ್ರ, ಅದರ ಅಂಚಿಗೆ ಹಳದಿ ಬಣ್ಣ ಮೆತ್ತಿಕೊಂಡಿತ್ತು.