ಪೆಟ್ಟಿಗೆಯ ಮೇಲಿನ ಹೆಸರು

ತೀರಿಕೊಂಡ ಅಪ್ಪನ ಬಟ್ಟೆಗಳನ್ನು ತುಂಬಿಸಿಟ್ಟ ಪೆಟ್ಟಿಗೆಯ ಮೇಲೆ ಬರೆಯಲು ಮಾರ್ಕರ್ ತೆರೆದರೆ, ಅದರ ವಾಸನೆಗೆ ಮಸ್ಕತ್ತಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ಕುಡಿತ, ದುಂದುಗಳಿಂದಾಗಿ ಮೊದಲು ಊರಿನ ಮನೆ ಕೈಬಿಟ್ಟು ಹೋಗಿತ್ತು, ಆಮೇಲೆ ಮಸ್ಕತ್ತಿನ ವಾದಿ ಅದಾಯ್‌ನ ನಮ್ಮ ಅಂಗಡಿ. ಆ ಮಧ್ಯಾಹ್ನ ಕಳೆದು ಮರುದಿನ ನಾವು ಒಮಾನ್ ಬಿಟ್ಟು ಹೊರಡುವವರಿದ್ದೆವು. ರಜೆಗೆ ಹೋಗುವಾಗ ಆರೇಳು ಪೆಟ್ಟಿಗೆ ಕಟ್ಟುತ್ತಿದ್ದ ಅಪ್ಪ ಅಂದು ಒಂದನ್ನೇ ನೈಲಾನ್ ಹಗ್ಗದಿಂದ ಬಿಗಿದರು. ಮೇಲೆ ದಪ್ಪ ಅಕ್ಷರಗಳಲ್ಲಿ ತಮ್ಮ ಹೆಸರು ಬರೆದು, ಕೆಳಗೆ ಅಭ್ಯಾಸಬಲದಿಂದ ಕೈಬಿಟ್ಟ ಊರಿನ ಮನೆಯ ವಿಳಾಸವನ್ನೇ ಬರೆದುಬಿಟ್ಟರು.

"ಅಲ್ಲಿ ಈಗ ಬೇರೆಯವರಿದ್ದಾರಲ್ಲ ಮಾರಾಯ್ರೆ," ಎಂದಳು ಅಮ್ಮ ಮೆಲ್ಲಗೆ. "ನನ್ನ ಅಣ್ಣನ ಮನೆಯದ್ದು ಬರೆಯಿರಿ."

ಅಪ್ಪ ಆ ವಿಳಾಸದ ಮೇಲೆ ಗೀಟು ಎಳೆದರು.

"ಭಾವನ ಎದುರು ಯಾವ ಮುಖ ಇಟ್ಕೊಂಡು ನಿಲ್ಲಲಿ?"

"ಇದ್ದ ಮುಖವೇ ಸಾಕು. ಅಣ್ಣ ಹೊಸತು ತರ್ಲಿಕ್ಕೆ ಹೇಳ್ಲಿಲ್ಲ."

ಅಪ್ಪ ನಗಲಿಲ್ಲ. ಪೆಟ್ಟಿಗೆಯನ್ನು ಇನ್ನೊಂದು ಬದಿಗೆ ಹೊರಳಿಸಿ ಅಮ್ಮನ ಹೆಸರು ಬರೆಯತೊಡಗಿದರು.

"ನಿಮ್ಮದು ಬೇಡವಾ?" ಎಂದಳು ಅಮ್ಮ.

"ನನ್ನ ಹೆಸರಲ್ಲಿ ಇದ್ದದ್ದು ಒಂದಾದರೂ ಉಳೀತಾ?"

ಅಪ್ಪ ಮತ್ತೆ ಬರೆಯತೊಡಗಿದರು; ಅಕ್ಷರಗಳು ಸೊಟ್ಟಗೆ ಬಿದ್ದವು. ಅಮ್ಮ ಅವರ ಎದುರು ಕುಳಿತು, ಪೆಟ್ಟಿಗೆ ಅಲುಗದಂತೆ ಎರಡೂ ಕೈಗಳಿಂದ ಹಿಡಿದುಕೊಂಡಳು.